ಫಲಿತಾಂಶದಲ್ಲಿ ಇಲ್ಲದ ಓಟಗಾರ

ಆ ಭಾನುವಾರ ಬಿಸಿಲೇರುವುದರೊಳಗೆ ನಾನು ಮುಗಿಸಿದ ಕೆಲಸ ಇಷ್ಟು: ಹಂಡೆಗೆ ಉರಿ ಹಾಕಿದ್ದು, ಹಾಲು ಕರೆದದ್ದು, ಹಿಂದಿನ ದಿನ ಹೆರಿಗೆಯಾಗಿದ್ದ ಬಾಣಂತಿಯ ಮೈ ಒರೆಸಿ ಮಗುವಿಗೆ ಎಣ್ಣೆ ಹಚ್ಚಿದ್ದು, ಸೂಜಿ ಸಿರಿಂಜು ಕುದಿಸಿದ್ದು, ಬಾಣಂತಿಯ ಬಟ್ಟೆ ಒಗೆದು ಬೇಲಿಗೆ ಹರವಿದ್ದು, ಅತ್ತೆ ಉಪ್ಪಿಗೆ ಹಾಕಿದ್ದ ಮಾವಿನ ಮಿಡಿಯ ಜಾಡಿಯನ್ನು ಅವರು ಹೇಳಿದ ಹಾಗೆ ಎರಡು ಕೈಯಲ್ಲಿ ಹಿಡಿದು, ಬಾಯಿ ಬಿಚ್ಚದೆ, ಕುಲುಕಿದ್ದು, ಆಮೇಲೆ ಒಂದು ಬುಟ್ಟಿ ನಿಂಬೆಹಣ್ಣು ಹೆಚ್ಚಿದ್ದು. ನಿಂಬೆಹಣ್ಣು ಓಟದವರಿಗೆ.

ಸಾಗರದಿಂದ ಹೊರಟು ಆನಂದಪುರದ ಮೇಲೆ ರಿಪ್ಪನ್‌ಪೇಟೆಗೆ ಬಂದು ಮುಗಿಯುವ ಆ ಓಟ ಅರವತ್ತರ ದಶಕದಲ್ಲಿ ಕೆಲವು ವರ್ಷ ನಡೆದು ನಿಂತುಹೋಯಿತು. ನಮ್ಮೂರ ಶಾಲೆಯ ಡ್ರಿಲ್ ಮಾಸ್ತರರು ತರಬೇತಿಗೆಂದು ಮದರಾಸಿಗೆ ಹೋಗಿದ್ದಾಗ ಪಟ್ಟಣದ ಬೀದಿಗಳಲ್ಲಿ ಗಂಟೆಗಟ್ಟಲೆ ಓಡುವ ಮ್ಯಾರಥಾನ್ ಓಟವನ್ನು ನೋಡಿ ಬಂದಿದ್ದರು. ಅಂಥದ್ದು ನಮ್ಮಲ್ಲೂ ಆಗಬೇಕೆಂದು ಸೈಕಲ್ಲಿನ ಚಕ್ರಕ್ಕೆ ಬಟ್ಟೆ ಕಟ್ಟಿ, ಅದು ಸುತ್ತಿದ್ದನ್ನು ಎಣಿಸುತ್ತ ದಾರಿ ಅಳೆದವರು ಅವರೇ. ಮೊದಲ ವರ್ಷ ಗೆದ್ದವನು ಸಾಗರದ ಒಬ್ಬ ವಿದ್ಯಾರ್ಥಿ. ಎರಡನೆಯ ಸ್ಥಾನ ಬಂದವನು ಕೋಣಂದೂರಿನ ಕಡೆಯ ಗಾಡಿ ಹೊಡೆಯುವವನು, ಬರಿಗಾಲಿನಲ್ಲಿ ಓಡಿದ. ಅವರ ಹೆಸರುಗಳನ್ನು ಶಾಲೆಯ ಗೋಡೆಗೆ ಕೆಂಪು ಬಣ್ಣದಲ್ಲಿ ಬರೆಸಿದ್ದರು. ಮುಂದೊಮ್ಮೆ ಸುಣ್ಣ ಹೊಡೆದಾಗ ಎಲ್ಲವೂ ಒಳಗೆ ಸೇರಿಹೋಯಿತು. ನಾನು ಬರೆಯುವುದು ಅದೇ ಮೊದಲ ವರ್ಷ ಓಡಿಯೂ ಆ ಗೋಡೆಯ ಮೇಲೆ ಬಾರದ ಒಬ್ಬನ ವಿಷಯ.

ಅವನು ನಮ್ಮ ಟಪ್ಪಾಲಿನವನು. ಆನಂದಪುರಕ್ಕೂ ನಮಗೂ ನಡುವಿನ ರಸ್ತೆಯ ಮನೆಗಳಿಗೆ ಕಾಗದ ಹಂಚುತ್ತಿದ್ದ. ವಯಸ್ಸು ಮೂವತ್ತು ದಾಟಿತ್ತು. ಓಡುವವನಲ್ಲ, ಬಿರುಸಾಗಿ ನಡೆಯುವವನು. ನಮ್ಮ ಕಡೆ ಬಿಸಿಲಿನಿಂದ ಬಂದವರಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು. ಬೇಡ ಎಂದರೆ ಮನೆಯವರ ಮುಖ ಸಣ್ಣದಾಗುತ್ತದೆ. ಹಾಗಾಗಿ ಅವನು ಸರದಿ ಇಟ್ಟುಕೊಂಡಿದ್ದ. ಇವತ್ತು ಈ ಮನೆಯ ನೀರು, ನಾಳೆ ಆ ಮನೆಯದು. ಯಾರ ಮನಸ್ಸನ್ನೂ ನೋಯಿಸಿದವನಲ್ಲ. ಓಟಕ್ಕೆ ಹೆಸರು ಕೊಟ್ಟಾಗ ಡ್ರಿಲ್ ಮಾಸ್ತರರು, "ನೀನು ಗೆದ್ರೆ ಟಪ್ಪಾಲು ಬೇಗ ಬರ್ತದೆ ಅಂತ ಜನ ಆಸೆ ಇಟ್ಕೊಂಬಿಡ್ತಾರೆ ಮಾರಾಯ" ಎಂದು ನಗಾಡಿದ್ದರು.

ನಾನು ರಿಪ್ಪನ್‌ಪೇಟೆಯ ಸರ್ಕಾರಿ ಹೆರಿಗೆ ಕೇಂದ್ರದ ದಾದಿ. ಎರಡು ಮಂಚ, ಒಂದು ಜಗುಲಿ, ಹಿಂದೆ ನಮ್ಮ ಮನೆ. ಹೊಸನಗರದ ಡಾಕ್ಟರರು ಹಿಂದಿನ ವಾರ ಬಂದು ನನಗೂ ಮಾಸ್ತರರಿಗೂ ಹೇಳಿಹೋಗಿದ್ದರು: ಬೆವರಿನ ಜೊತೆ ಉಪ್ಪೂ ಹೋಗುತ್ತದೆ, ಓಡುವವರಿಗೆ ಬರೀ ನೀರು ಕೊಡಬೇಡಿ, ನಿಂಬೆರಸಕ್ಕೆ ಉಪ್ಪು ಹಾಕಿ ಕೊಡಿ. ಓಟದ ದಿನ ಅವರು ಜೀಪಿನಲ್ಲಿ ಆನಂದಪುರದಲ್ಲಿ ನಿಲ್ಲುವುದು, ಕೊನೆಯ ಗೆರೆಯ ಹತ್ತಿರ ನಾನು ಇರುವುದು ಎಂದು ಮಾತಾಗಿತ್ತು.

ಗೆದ್ದವರು ಬಂದರು, ಸೋತವರು ಬಂದರು. ಕಾಲು ಹಿಡಿದುಕೊಂಡವರಿಗೆ ಎಣ್ಣೆ ತಿಕ್ಕಿದೆ, ಬೊಬ್ಬೆ ಎದ್ದವರಿಗೆ ಔಷಧಿ ಹಚ್ಚಿದೆ. ಒಬ್ಬನ ಕಾಲು ಆನಂದಪುರದ ಹತ್ತಿರ ಮುರಿದಿದೆಯೆಂದೂ, ಡಾಕ್ಟರರು ಅವನನ್ನು ಜೀಪಿನಲ್ಲಿ ಸಾಗರದ ಆಸ್ಪತ್ರೆಗೆ ಕರೆದೊಯ್ದರೆಂದೂ ಓಡಿ ಬಂದವರೇ ಹೇಳಿದರು. ಬಿಸಿಲು ನೆತ್ತಿಗೆ ಬಂತು. ತೋರಣದ ಮಾವಿನೆಲೆ ಬಾಡಿತು. ಟಪ್ಪಾಲಿನವನೊಬ್ಬ ಬಾಕಿ.

"ಟಪ್ಪಾಲು ತಡ ಆದ್ರೂ ಬತ್ತದೆ ಮಾರಾಯ್ರೆ, ಬರದೆ ಎಲ್ಲಿಗೆ ಹೋತದೆ?" ಎಂದರು ಹೋಟೆಲಿನವರು, ಗೋಲಿ ಸೋಡಾದ ಬಾಟಲಿಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಇಳಿಸುತ್ತ.

ಅಷ್ಟರಲ್ಲಿ ತಿರುವಿನಲ್ಲಿ ಅವನು ಕಂಡ. ಓಡುತ್ತಿರಲಿಲ್ಲ. ಹೆಜ್ಜೆ ಅಗಲಗಲ ಇಡುತ್ತಿದ್ದ, ನೀರು ತುಂಬಿದ ಕೊಡ ಹೊತ್ತವರ ಹಾಗೆ. ಜನ ಚಪ್ಪಾಳೆ ತಟ್ಟಿದರು. ಗೆರೆ ಅವನ ಕಣ್ಣೆದುರೇ ಇತ್ತು. ಅವನು ಅದನ್ನು ಬಿಟ್ಟು ಎಡಕ್ಕೆ ತಿರುಗಿ ದರ್ಜಿಯ ಮನೆಯ ಬೇಲಿಯ ದಣಪೆಬಾಗಿಲ ಹತ್ತಿರ ನಿಂತು, ಖಾಲಿ ಕೈ ಮುಂದೆ ಚಾಚಿ, "ಅಮ್ಮಾ, ಕಾಗದ ಅದೆ" ಎಂದ.

ಎಲ್ಲರೂ ನಕ್ಕರು. ತಮಾಷೆ ಮಾಡುತ್ತಾನೆ ಅಂದುಕೊಂಡರು. ನಾನಿದ್ದಲ್ಲಿಗೆ ಅವನ ಮುಖ ಕಾಣುತ್ತಿತ್ತು. ಅದು ತಮಾಷೆಯ ಮುಖವಲ್ಲ. ಕೈಯಲ್ಲಿದ್ದ ಲೋಟ ಇಟ್ಟು ಅತ್ತ ಓಡಿದೆ.

ನಾವು ಹೋಗಿ ಹಿಡಿಯುವಷ್ಟರಲ್ಲಿ ಕುಸಿದ. "ತಲೆ, ತಲೆ" ಎಂದ. ಮಾಸ್ತರರು ತಲೆಗೆ ನೀರು ಸುರಿದರು. ಹೋಟೆಲಿನವರು ಸೋಡಾ ಒಡೆದು ಕುಡಿಸಿದರು. ಯಾರೋ ಮತ್ತೊಂದು ಚೊಂಬು ತಂದರು. ಕುಡಿದದ್ದಷ್ಟನ್ನೂ ವಾಂತಿ ಮಾಡಿದ. ತಲೆನೋವು, ವಾಂತಿ, ಅಸಂಬದ್ಧ ಮಾತು. ಹಿಂದಿನಿಂದ ಒಬ್ಬರು ಮೆಲ್ಲಗೆ, "ಮಂಗನ ಕಾಯಿಲೆ ಅಲ್ಲ ತಾನೆ?" ಎಂದರು. ಆ ವರ್ಷಗಳಲ್ಲಿ ಸಾಗರದ ಕಡೆಯ ಕಾಡಂಚಿನ ಹಳ್ಳಿಗಳಲ್ಲಿ ಆ ಕಾಯಿಲೆಯಿಂದ ಸತ್ತವರ ಸುದ್ದಿ ಕೇಳಿ ಕೇಳಿ ಜನ ಸತ್ತ ಮಂಗವನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಆ ಒಂದು ಮಾತಿಗೆ ಸುತ್ತಲಿನವರೆಲ್ಲ ಹಿಂದೆ ಸರಿದರು. ಉಳಿದವರು ಮಾಸ್ತರರು, ಹೋಟೆಲಿನವರು, ನಾನು.

ಮೂವರೂ ಸೇರಿ ನಮ್ಮ ಜಗುಲಿಗೆ ಎತ್ತಿ ತಂದೆವು. ಸೈಕಲ್ ಅಂಗಡಿಯವರು ಡಾಕ್ಟರರನ್ನು ಹುಡುಕಿಕೊಂಡು ಆನಂದಪುರದ ಕಡೆ ಸೈಕಲ್ ಹತ್ತಿದರು. ಚಾಪೆಯ ಮೇಲೆ ಮಲಗಿಸುತ್ತಿದ್ದ ಹಾಗೆಯೇ ಅವನ ಕಣ್ಣು ಮೇಲೆ ಹೋಯಿತು, ಹಲ್ಲು ಕಚ್ಚಿತು, ಕೈಕಾಲು ಸೆಟೆದು ಅದುರತೊಡಗಿತು. ಚಮಚಕ್ಕೆ ಬಟ್ಟೆ ಸುತ್ತಿ ಹಲ್ಲಿನ ನಡುವೆ ಇಟ್ಟೆ, ಮಗ್ಗುಲಿಗೆ ತಿರುಗಿಸಿ ಹಿಡಿದೆ. ಒಳಗೆ ಬಾಣಂತಿ ಹೆದರಿ, "ಅಮ್ಮಾ, ಎಂತ ಆತು?" ಎಂದು ಕೂಗುತ್ತಿದ್ದಳು.

ಹೆದರಿಕೆ ನನಗೆ ಹೊಸದಲ್ಲ. ಹೆರಿಗೆಯ ಕೆಲಸದಲ್ಲಿ ಅದು ಅಡುಗೆಗೆ ಉಪ್ಪಿನ ಹಾಗೆ ಇದ್ದೇ ಇರುತ್ತದೆ. ಆದರೆ ಅಲ್ಲಿ ಯಾವುದಕ್ಕೆ ಹೆದರಬೇಕೆಂದು ಗೊತ್ತಿರುತ್ತದೆ. ಇಲ್ಲಿ ಅದೇ ಗೊತ್ತಿರಲಿಲ್ಲ.

ಅದುರುವುದು ನಿಂತ ಮೇಲೆ, ಕಲಿತ ಕ್ರಮವನ್ನು ಒಂದೊಂದಾಗಿ ಮಾಡುತ್ತ ಹೋದೆ. ಥರ್ಮಾಮೀಟರನ್ನು ಕಂಕುಳಿಗೆ ಇಟ್ಟೆ: ಜ್ವರವಿಲ್ಲ. ಹಾಗಾದರೆ ಮಂಗನ ಕಾಯಿಲೆಯ ಲಕ್ಷಣ ಅಲ್ಲ, ಬಿಸಿಲು ಬಡಿದದ್ದೂ ಅಲ್ಲ; ಬಿಸಿಲು ಬಡಿದವರ ಮೈ ಕಾದ ಕಾವಲಿಯಂತಿರುತ್ತದೆ. ನಾಡಿ ಹಿಡಿದೆ: ಇದೆ, ಭರ್ತಿಯಾಗಿದೆ. ಬಾಯಿ ತೆರೆದು ನೋಡಿದೆ: ನಾಲಿಗೆ ಒದ್ದೆ. ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟೆ: ತಟ್ಟನೆ ಇಳಿಯಿತು.

ಅಲ್ಲಿ ನಾನು ನಿಂತೆ. ವಾಂತಿ ಭೇದಿಯ ವರ್ಷ ನೀರು ಬತ್ತಿದ ಮೈಗಳನ್ನು ನಾನು ಬೇಕಾದಷ್ಟು ನೋಡಿದ್ದೆ. ನಾಲಿಗೆ ಹಪ್ಪಳವಾಗಿರುತ್ತದೆ, ಕಣ್ಣು ಗುಳಿಬಿದ್ದಿರುತ್ತದೆ, ಚಿವುಟಿದ ಚರ್ಮ ಚಿವುಟಿದ ಹಾಗೆಯೇ ನಿಲ್ಲುತ್ತದೆ. ಇವನ ಕಣ್ಣಿನ ಕೆಳಗೆ ಊದಿಕೊಂಡಿತ್ತು. ಬೆರಳು ದಪ್ಪವಾಗಿತ್ತು. ಮಣಿಕಟ್ಟಿಗೆ ಕಟ್ಟಿಕೊಂಡಿದ್ದ ಕರಿದಾರ ಮಾಂಸದೊಳಗೆ ಹೂತುಹೋಗಿ ಕಾಣುತ್ತಲೇ ಇರಲಿಲ್ಲ. ಹೊಕ್ಕುಳು ಕತ್ತರಿಸುವ ಕತ್ತರಿಯಿಂದ ಅದನ್ನು ಮೆಲ್ಲಗೆ ಕತ್ತರಿಸಿದೆ. ಕೆಳಗೆ ಬಿಳಿಯ ಗೆರೆ ಉಳಿಯಿತು.

ಮಾಸ್ತರರು ಮತ್ತೆ ನೀರಿನ ಲೋಟ ಹಿಡಿದು ಬಂದರು.

"ಬೇಡ ಮೇಷ್ಟ್ರೇ."

"ಇಪ್ಪತ್ತೈದು ಮೈಲಿ ಬಿಸಿಲಲ್ಲಿ ಬಂದವನು ಕಣ್ರೀ. ನೀರು ಬೇಡ ಅಂತೀರಲ್ಲ?"

"ಸ್ವಲ್ಪ ತಡೀರಿ. ನಂಗೂ ಗೊತ್ತಾಗ್ತಾ ಇಲ್ಲ."

ಅಷ್ಟು ಹೊತ್ತಿಗೆ ಅವನ ಹೆಂಡತಿ ಬಂದಳು. ಅವರ ಮನೆ ಅದೇ ರಸ್ತೆಯಲ್ಲಿ, ಊರಿಗೆ ಹತ್ತಿರದಲ್ಲೇ. ಸುದ್ದಿ ಮುಟ್ಟಿದ ಕೂಡಲೆ ಚೊಂಬು ಹಿಡಿದುಕೊಂಡೇ ಓಡಿ ಬಂದಿದ್ದಳು. ದಾರಿಯಲ್ಲಿ ತುಳುಕಿ ಸೀರೆ ಒದ್ದೆಯಾಗಿತ್ತು. ಗಂಡನ ಬಾಯಿಯ ಹತ್ತಿರ ಚೊಂಬು ಇಟ್ಟಳು. ನಾನು ಅವಳ ಕೈ ಹಿಡಿದೆ.

"ಬಿಡಿ ಅಮ್ಮ, ಒಂದು ಗುಟುಕು."

"ಇಲ್ಲ ತಂಗಿ. ಈಗ ಬೇಡ."

"ಬೇಡ ಅನ್ನೋಕೆ ನೀವ್ಯಾರು?" ಎಂದಳು. ನನ್ನ ಕೈಯಲ್ಲಿ ಎರಡು ಮಕ್ಕಳನ್ನು ಹೆತ್ತವಳು ಅವಳು. ಅಲ್ಲಿಯವರೆಗೆ ನನಗೆ ಎದುರು ಮಾತಾಡಿದವಳಲ್ಲ. "ರಸ್ತೆ ಮೇಲಿನ ಎಲ್ಲಾ ಮನೆಯೋರೂ ದಣಪೆಗೆ ಬಂದು ನಿಂತು ನೀರು ಕೊಟ್ರು. ಇವ್ರು ಒಬ್ರದ್ದೂ ಬೇಡ ಅನ್ನಲಿಲ್ಲ. ನಿಮ್ಮ ಸರ್ಕಾರದ ಮನೇಲಿ ಮಾತ್ರ ನೀರಿಗೆ ಬರಗಾಲನಾ?"

"ಎಲ್ಲಾ ಮನೇಲೂ ಕುಡಿದ್ನಾ?"

"ಕುಡೀದೆ ಎಂತ ಮಾಡ್ತಾರೆ? ದಿನಾ ಸರದಿ ಮೇಲೆ ಕುಡಿಯೋರು. ಇವತ್ತು ಎಲ್ರೂ ನಮ್ದು, ನಮ್ದು ಅಂತ ನಿಂತಿದ್ರಂತೆ. ನಮ್ಮನೆ ಎದುರಿಗೆ ಬಂದಾಗ ಹೊಟ್ಟೆ ತುಂಬದೆ ಕಣೇ, ಸಾಕು ಅಂದ್ರು." ಇಲ್ಲಿಗೆ ಅವಳ ದನಿ ಇಳಿಯಿತು. "ನಾನೇ ಬೈದೆ. ಊರೋರ ನೀರಿಗೆ ಜಾಗ ಅದೆ, ಹೆಂಡ್ತಿ ನೀರಿಗೆ ಇಲ್ವಾ ಅಂದೆ. ಪೂರ್ತಿ ಚೊಂಬು ಕುಡಿದು ಹೋದ್ರು."

ಆಡಿ ಮುಗಿಸಿ ಅವಳು ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಏನು ಕಂಡಿತೋ, ಅಲ್ಲೇ ಕುಳಿತಳು.

ಈ ಮನುಷ್ಯನಿಗೆ ಆಗಿರುವುದು ನೀರಿನ ಕೊರತೆಯಲ್ಲ, ನೀರೇ ಎಂದು ನನಗೆ ಅನ್ನಿಸಿದ್ದು ಆಗ. ಬೆವರಿನಲ್ಲಿ ಉಪ್ಪೆಲ್ಲ ಹೋಗಿದೆ, ಒಳಗೆ ಬರೀ ನೀರು ತುಂಬಿದೆ. ಡಾಕ್ಟರರು ಉಪ್ಪಿನ ವಿಷಯ ಹೇಳಿದ್ದರು. ನೀರು ಹೆಚ್ಚಾಗಿ ಮನುಷ್ಯನಿಗೆ ಫಿಟ್ಸ್ ಬರುತ್ತದೆಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ನಾನು ನೋಡಿಯೂ ಇರಲಿಲ್ಲ. ತಪ್ಪಿದ್ದರೆ? ಬಾಯಾರಿ ಸಾಯುತ್ತಿರುವವನ ಬಾಯಿಗೆ ಉಪ್ಪು ಹಾಕಿದ ಹಾಗಾಗುತ್ತದೆ. ಸರಿಯಿದ್ದು ಸುಮ್ಮನಿದ್ದರೆ, ಮುಂದಿನ ಫಿಟ್ಸಿನಲ್ಲಿ ಹೋಗಿಬಿಡುತ್ತಾನೆ. ಡಾಕ್ಟರರು ಯಾವಾಗ ಬರುತ್ತಾರೋ.

"ಅತ್ತೇ, ಮಿಡಿ ಜಾಡಿಯ ಉಪ್ಪುನೀರು ಬೇಕು" ಎಂದು ಹಿತ್ತಿಲ ಕಡೆ ಕೂಗಿದೆ. ಮಿಡಿಗೆ ಹಾಕಿದ ಕಲ್ಲುಪ್ಪು ಆ ವೇಳೆಗೆ ಕರಗಿ ನೀರು ಬಿಟ್ಟಿತ್ತು. ಅದಕ್ಕಿಂತ ದಪ್ಪ ಉಪ್ಪುನೀರು ಆ ಊರಿನಲ್ಲಿ ಇರಲಿಲ್ಲ.

"ಎಂತಕ್ಕೆ?" ಎಂದರು ಅತ್ತೆ ಬಾಗಿಲಲ್ಲಿ ನಿಂತು. "ಈಗ ಬಾಯಿ ಬಿಚ್ಚಿದ್ರೆ ಬೂಸ್ಟು ಹಿಡಿತದೆ ಮಾರಾಯ್ತಿ. ಆಸ್ಪತ್ರೆ ಕೈ ಹಾಕ್ಬೇಡ ಅದಕ್ಕೆ." ಚಾಪೆಯ ಮೇಲಿದ್ದವನನ್ನು ಕಂಡು ಮಾತು ನಿಲ್ಲಿಸಿದರು. ಕೈ ತೊಳೆದು, ಒರೆಸಿ, ತಾವೇ ಸೌಟಿನಲ್ಲಿ ಬಟ್ಟಲಿಗೆ ತೆಗೆದು ತಂದರು.

ಎಚ್ಚರವಿಲ್ಲದವನ ಗಂಟಲಿಗೆ ಹಾಕಿದರೆ ಶ್ವಾಸಕ್ಕೆ ಹೋಗುತ್ತದೆ. ಕಾದೆ. ಬೆರಳನ್ನು ಉಪ್ಪುನೀರಿನಲ್ಲಿ ಅದ್ದಿ ನಾಲಿಗೆಗೆ ಸವರಿದೆ. ಏನೂ ಇಲ್ಲ. ಮತ್ತೆ ಸವರಿದೆ. ಮುಖ ಹುಳ್ಳಗೆ ಕಿವುಚಿದ. ಗಂಟಲು ಮೇಲೆ ಕೆಳಗೆ ಆಡಿತು. ಆಮೇಲೆ ಚಮಚದಲ್ಲಿ, ತುದಿಯಲ್ಲಿ ನಿಲ್ಲುವಷ್ಟು. ಉಪ್ಪುನೀರು ವಾಂತಿ ಮಾಡಿಸುತ್ತದೆ ಎಂಬುದು ನನಗೆ ಗೊತ್ತಿತ್ತು; ಪ್ರತಿ ಚಮಚ ಹಾಕಿದಾಗಲೂ ಅದೇ ದಿಗಿಲು. ಒಂದು ಸಲ ವಾಂತಿಯಾಯಿತು. ಸ್ವಲ್ಪ ಬಿಟ್ಟು ಮತ್ತೆ ಹಾಕಿದೆ.

ಅವನ ಹೆಂಡತಿ ನೋಡುತ್ತ ಕುಳಿತಿದ್ದಳು. ಬಿಸಿಲು ಜಗುಲಿಯಿಂದ ಅಂಗಳಕ್ಕೆ ಇಳಿಯಿತು. ಅವನ ಉಸಿರು ಒಮ್ಮೆ ಜೋರಾಗಿ, ಒಮ್ಮೆ ಇಲ್ಲವೇ ಇಲ್ಲವೆನ್ನುವಂತೆ ಬರುತ್ತಿತ್ತು. ಎರಡನೆಯ ಫಿಟ್ಸ್ ಬಂತು, ಮೊದಲಿನದಕ್ಕಿಂತ ಚಿಕ್ಕದು. ಅದು ನಿಂತಾಗ ಅವಳು ಎದ್ದಳು.

"ಅಮ್ಮ, ನಿಮಗೆ ಎದುರು ಹೇಳ್ತಾ ಇಲ್ಲ" ಎಂದಳು, ತುಂಬ ಮೆತ್ತಗೆ. "ಹೋಗೋರಾದ್ರೆ ಬಾಯಿಗೆ ನೀರು ಬಿಡ್ಬೇಕು. ತುಳಸಿ ನೀರು, ಒಂದು ಉದ್ಧರಣೆ. ಅದಕ್ಕಾದ್ರೂ ಬಿಡಿ. ನೀರಿಲ್ದೆ ಕಳಿಸಿದ್ಲು ಅಂತ ನಾಳೆ ನನ್ನ ಮಕ್ಕಳ ಮುಂದೆ ಜನ ಆಡ್ತಾರೆ."

ಒಂದು ಉದ್ಧರಣೆ ನೀರಿನಿಂದ ಏನೂ ಆಗುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು. ಆದರೆ ತುಳಸಿ ನೀರು ಬಿಟ್ಟರೆ ಅಲ್ಲಿಗೆ ಮುಗಿಯಿತೆಂದು ಒಪ್ಪಿದ ಹಾಗೆ. ಆಮೇಲೆ ಅವಳ ಕೈಯನ್ನು ನಾನು ಹಿಡಿಯಲಾರೆ, ಜನರ ಕೈಯನ್ನಂತೂ ಮೊದಲೇ ಇಲ್ಲ. ಎಲ್ಲರೂ ಒಂದೊಂದು ಚಮಚ ಬಿಡುತ್ತಾರೆ, ಸಾಯುವವನಿಗೆ ಬಿಡುವುದೇ ಹಾಗೆ. ಅಂಗಳದಲ್ಲಿ ಆಗಲೇ ಜನ ಮತ್ತೆ ಕೂಡಿದ್ದರು. ಅವರೂ ಕೇಳಿಸಿಕೊಂಡಿದ್ದರು. ಈ ಊರಲ್ಲಿ ಇನ್ನು ಮುಂದೆ ಯಾವ ಬಸುರಿಯೂ ನನ್ನ ಹತ್ತಿರ ಬರಲಾರಳು ಎಂಬ ಯೋಚನೆ ಬಂದು ಹೋಯಿತು. ಅದಕ್ಕಿಂತ, ಅವಳು ಹೇಳುವುದೇ ನಿಜವಾಗಿ, ನಿಜವಾಗಿಯೂ ಅವನು ಹೋಗುತ್ತಿದ್ದರೆ?

"ಸಂಜೆವರೆಗೆ ಕೊಡಲ್ಲ" ಎಂದೆ. ಆ ದನಿ ನನ್ನದೇ ಅನ್ನಿಸಲಿಲ್ಲ. "ಹೋದ್ರೆ ನೀರು ಕೊಡದೆ ಕಳಿಸಿದ್ದು ನಾನು ಅಂತ ಹೇಳು. ಎಲ್ರ ಮುಂದೆನೂ ಹೇಳು."

ಅವಳು ಚೊಂಬಿನ ನೀರನ್ನು ಅಂಗಳದ ದಾಸವಾಳದ ಬುಡಕ್ಕೆ ಚೆಲ್ಲಿ, ಚೊಂಬನ್ನು ಜಗುಲಿಯ ಮೇಲೆ ಬೋರಲು ಹಾಕಿ, ಅವನ ಕಾಲ ಹತ್ತಿರ ಕುಳಿತಳು. ಅತ್ತೆ ಬಂದು ಅವಳ ಪಕ್ಕದಲ್ಲಿ ಕುಳಿತರು. ನಾನು ಚಮಚ ಹಾಕುತ್ತ ಹೋದೆ.

ಎಷ್ಟು ಹೊತ್ತು ಕಳೆಯಿತೋ. ದನಗಳು ಹಟ್ಟಿಗೆ ಬರುವ ಹೊತ್ತಿಗೆ ಚಾಪೆಯ ಕೆಳಗಿನಿಂದ ನೀರು ಹರಿದು ಜಗುಲಿಯ ಅಂಚಿನಿಂದ ತೊಟ್ಟಿಕ್ಕಲು ಶುರುವಾಯಿತು. ಯಾರೋ ಚೊಂಬು ಉರುಳಿಸಿದರೇನೋ ಎಂದು ನೋಡಿದೆ. ಚೊಂಬು ಬೋರಲೇ ಇತ್ತು. ಅವನು ಮಲಗಿದಲ್ಲೇ ಉಚ್ಚೆ ಹೊಯ್ದಿದ್ದ. ನಿಲ್ಲುವ ಸೂಚನೆಯೇ ಇರಲಿಲ್ಲ.

ಅತ್ತೆ ಸೆರಗು ಎತ್ತಿ ಹಿಂದೆ ಸರಿದು, "ಇಡೀ ರಸ್ತೆಯ ಬಾವಿ ಎಲ್ಲಾ ನಮ್ಮ ಜಗುಲೀಲೇ ಬರಿದು ಮಾಡ್ತಾನಲ್ಲೇ" ಎಂದರು. ನನಗೆ ಬಂದದ್ದು ನಗುವೋ ಅಳುವೋ ಗೊತ್ತಿಲ್ಲ. ಬಕೆಟ್ಟು ತರಲು ಎದ್ದೆ.

ಇನ್ನೊಂದು ಬಕೆಟ್ಟಿನ ಹೊತ್ತಿಗೆ ಅವನು ಕಣ್ಣು ಬಿಟ್ಟು ಹೆಂಡತಿಯನ್ನು ಗುರುತಿಸಿದ. ಜಗುಲಿಯನ್ನೂ ತನ್ನ ಒದ್ದೆ ಪಂಚೆಯನ್ನೂ ನೋಡಿ ನಾಚಿಕೊಂಡು, ಮೆಲ್ಲಗೆ ಕೇಳಿದ: "ಅಮ್ಮ, ಯಾರು ಗೆದ್ರು?"

ಆ ಇಡೀ ದಿನ ನಾನು ಅದನ್ನು ಸರಿಯಾಗಿ ತಿಳಿದುಕೊಂಡೇ ಇರಲಿಲ್ಲ. ಅಂಗಳದಲ್ಲಿದ್ದ ಮಾಸ್ತರರು ಹತ್ತಿರ ಬಂದು ಫಲಿತಾಂಶ ಹೇಳಿದರು, ಮೊದಲನೆಯವನಿಂದ ಹಿಡಿದು ಒಬ್ಬೊಬ್ಬರನ್ನಾಗಿ. ಅವನು ಕೊನೆಯವರೆಗೆ ಕೇಳಿ, "ನಾನು?" ಎಂದ.

"ನೀನು ಗೆರೆ ಮುಟ್ಟಲಿಲ್ಲ ಮಾರಾಯ."

"ಎಷ್ಟು ದೂರ ಇತ್ತು?"

"ದರ್ಜಿ ಮನೆಯಿಂದ ಎಷ್ಟು ದೂರ ಅಂತ ನಿಂಗೆ ಗೊತ್ತಲ್ಲ."

ಸ್ವಲ್ಪ ಯೋಚಿಸಿ, "ಟಪ್ಪಾಲು ತರುವಾಗ ಮುಟ್ತೀನಿ ಬಿಡಿ" ಎಂದ. ಮಾಸ್ತರರು ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ದೀಪ ಹಚ್ಚುವ ಹೊತ್ತಿಗೆ ಡಾಕ್ಟರರ ಜೀಪು ಬಂತು. ನಾನು ಹೇಳಿದ್ದನ್ನು ಕೇಳಿ, ಕಣ್ಣಿಗೆ ಟಾರ್ಚು ಬಿಟ್ಟು, ಮಂಡಿ ತಟ್ಟಿ, ಬೆರಳು ಒತ್ತಿ ನೋಡಿದರು. "ನೀರು ಜಾಸ್ತಿಯಾಗಿ ಹೀಗಾಗುತ್ತೆ ಅಂತ ಓದಿದ್ದೆ. ಓಡುವವರಿಗೂ ಆಗಬಹುದು ಅಂತ ನಂಗೂ ಹೊಳೆದಿರಲಿಲ್ಲ" ಎಂದರು. ಪಡಸಾಲೆಗೆ ಕರೆದು, "ಪೂರ್ತಿ ಪಾರಾದ ಅಂತ ಇಟ್ಕೋಬೇಡಿ ಅಮ್ಮ. ಬೆಳಗ್ಗೆವರೆಗೆ ಉಪ್ಪು ಹಾಕಿದ ಗಂಜಿ, ಗಟ್ಟಿಯಾಗಿ. ನೀರು ಕೇಳಿದ್ರೆ ತುಟಿ ಒದ್ದೆ ಮಾಡಿ, ಅಷ್ಟೆ. ಮಲಗಿದ್ರೆ ಆಗಾಗ ಎಬ್ಬಿಸಿ ಹೆಸರು ಕೇಳಿ" ಎಂದು ಹೇಳಿ, ತಾವು ಜೀಪಿನಲ್ಲೇ ಕಾಲು ಚಾಚಿಕೊಂಡರು.

ಮುಂದಿನ ವರ್ಷವೂ ಓಟ ನಡೆಯಿತು. ಓಡುವವರಿಗೆ ನೀರು ಕೊಡಬೇಡಿ ಎಂದು ಮಾಸ್ತರರು ಮನೆಮನೆಗೆ ಹೋಗಿ ಹೇಳಿದಾಗ, ಬಾಗಿಲಿಗೆ ಬಂದವರಿಗೆ ನೀರು ಕೊಡಬೇಡಿ ಅನ್ನೋಕೆ ಬಂದ್ರಾ ಎಂದು ಬೈಸಿಕೊಂಡು ಬಂದರಂತೆ. ಆಮೇಲೆ ಹೋದವನು ಟಪ್ಪಾಲಿನವನು. ಏನು ಹೇಳಿದನೋ, ಆ ಸಲ ಎಲ್ಲಾ ದಣಪೆಗಳಲ್ಲೂ ತಟ್ಟೆಯಲ್ಲಿ ಉಪ್ಪಿನ ಮಾವಿನಮಿಡಿ, ಜೊತೆಗೆ ಒಂದೇ ಒಂದು ಪುಟ್ಟ ಲೋಟ. ಅವನು ಮತ್ತೆ ಓಡಲಿಲ್ಲ.

ಆ ಭಾನುವಾರ ನಾವು ಉಂಡದ್ದು ಕುಚ್ಚಲಕ್ಕಿ ಗಂಜಿ, ತುಪ್ಪ, ಅದೇ ಜಾಡಿಯ ಮಿಡಿ. "ನೀರು ಹೋದ ಮೇಲೆ ಮಿಡಿ ಇಟ್ಕೊಂಡು ಎಂತ ಮಾಡೋದು" ಎಂದು ಅತ್ತೆ ಎಲ್ಲರಿಗೂ ಬಡಿಸಿದರು. ಡಾಕ್ಟರರಿಗೆ ಜೀಪಿಗೇ ಕಳಿಸಿದರು. ಅವನು ಅರ್ಧ ಬಟ್ಟಲು ಗಂಜಿ ಕುಡಿದ. ಅವನ ಹೆಂಡತಿ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ಬಟ್ಟಲು ಮುಗಿಸಿ, ನೀರು ಬೇಕೇ ಎಂದು ಅತ್ತೆ ಕೇಳಿದಾಗ ತಲೆಯಾಡಿಸಿ ಬೇಡ ಎಂದಳು.

ಮೊದಲು ನಿದ್ದೆ ಹೋದವಳು ಅವಳೇ, ಕಂಬಕ್ಕೆ ಒರಗಿ ಕುಳಿತ ಹಾಗೆ, ಕೈಯನ್ನು ಅವನ ಮಣಿಕಟ್ಟಿನ ಮೇಲೆ, ದಾರದ ಗುರುತಿನ ಮೇಲೆ ಇಟ್ಟು. ಅವನು ಎಚ್ಚರವಾಗಿದ್ದ. ನಾನು ಹೆಸರು ಕೇಳಿದೆ, ಹೇಳಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದೆ. ಹೆಂಡತಿಗೆ ಎಚ್ಚರವಾಗದ ಹಾಗೆ, ದನಿ ತಗ್ಗಿಸಿ ಅಂದ: "ಹೆಸರು ಅದೇ ಅದೆ ಅಮ್ಮ. ನೀವು ಮಲ್ಕಳಿ, ನಾನು ನೋಡ್ಕೋತೀನಿ."